ಬೆಂಚಿನ ಮೇಲಿಡಿ, ಮಾವ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 12

ಇವತ್ತೂ ಶೆಡ್ಡು ಗುಡಿಸಿಯೇ ಶುರು. ನಾಲ್ಕನೇ ದಿನ. ಹೊಟ್ಟು ಗುಡಿಸು, ಬೆಂಚು ಒರೆಸು, ಸುಮ್ಮನೆ ನಿಂತು ನೋಡು. ನಲವತ್ತಾರಕ್ಕೆ ಅಪ್ರೆಂಟಿಸ್. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಅಂತ ಇವರು ಊಟಕ್ಕೆ ಕೂತಾಗಲೆಲ್ಲ ಚುಡಾಯಿಸುತ್ತಾರೆ. ಬಗ್ಗದಿದ್ರೆ ಕೊಯ್ತೀವಿ, ನಿಮಗೇನು ಕಷ್ಟ ಅಂದೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಬ್ರೇಕು ಹಾಕುವುದು ಗೊತ್ತು. ಉಪ್ಪಿನಕಾಯಿ ಕೇಳಿದರು.

ಜನವರಿಯಲ್ಲಿ ಲ್ಯಾಬಿಗೆ ಮೆಷೀನು ಬಂತು. ರಕ್ತದ ಕಣ ಎಣಿಸಲು ನಾನು ಬೇಡವಾದೆ. ಹತ್ತೊಂಬತ್ತು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ಮನೆಯಲ್ಲಿ ಗೋಡೆ ನೋಡುತ್ತ ಕೂತೆ. ಕೊನೆಗೆ ಮಾವನನ್ನೇ ಕೇಳಿದೆ — ಒಂದು ಸ್ಟೂಲು ಮಾಡೋಷ್ಟು ಕಲಿಸ್ತೀರಾ? ಎಪ್ಪತ್ತೆಂಟರ ಮುದುಕ ಚಿಕ್ಕ ಹುಡುಗನ ಹಾಗೆ ಎದ್ದು ಹೋಗಿ ಶೆಡ್ಡಿನ ಬೀಗ ತೆಗೆದರು. ಐವತ್ತೈದು ವರ್ಷದ ಮರಗೆಲಸ. ಮಗ ಒಂದು ದಿನ ಉಳಿ ಮುಟ್ಟಲಿಲ್ಲ ಅನ್ನುವ ಕೊರಗು ಇದ್ದೇ ಇತ್ತು.

ಅವರ ಮೊದಲ ಪಾಠ: "ನೋಡಮ್ಮಾ ದುರ್ಬೀನು, ಸಾಮಾನು ಕೈಯಿಂದ ಕೈಗೆ ಕೊಡೋ ಹಾಗಿಲ್ಲ. ನಾನು ಬೆಂಚಿನ ಮೇಲೆ ಇಡ್ತೀನಿ. ನೀನು ಬೆಂಚಿಂದ ಎತ್ಕೋಬೇಕು." ಅಲಗು ತಗುಲೀತು ಅಂತಿರಬೇಕು. ಮೈಕ್ರೋಸ್ಕೋಪಿನವಳು ಅಂತ ನನಗೆ ಇಟ್ಟ ಹೆಸರು ದುರ್ಬೀನು, ಮದುವೆಯಾದ ವರ್ಷದಿಂದ.

ಇವತ್ತು ಕೊನೆಗೂ ಉಳಿ. ಸಾಣೆಕಲ್ಲಿಗೆ ನೀರು ಬಿಟ್ಟು ಅದನ್ನೇ ನೋಡುತ್ತಿದ್ದೆ. ಲ್ಯಾಬಿನ ಚಾಳಿ ನೋಡು — ಕಣ್ಣು ಕೆಲಸದ ಮೇಲೆ, ಬಲಗೈ ಪಕ್ಕಕ್ಕೆ ಚಾಚಿ ಅಂಗೈ ಮೇಲೆ ಮಾಡಿ ಇಟ್ಟೆ. ಅಲ್ಲಿ ಮುಂದಿನ ಸ್ಲೈಡು ತಾನಾಗಿ ಬಂದು ಕೂರುತ್ತಿತ್ತು. ತುಸು ಹೊತ್ತು ಏನೂ ಬರಲಿಲ್ಲ. ತಲೆಯೆತ್ತಿದೆ. ಮಾವ ನನ್ನ ಅಂಗೈಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಉಳಿಯನ್ನು ಮೆಲ್ಲಗೆ ಅದರ ಮೇಲೆ ಇಟ್ಟರು.

ಅವರದೇ ರೂಲು ಅವರೇ ಮರೆತರು. ನಗು ಬಂತು. ಕೈ ಮಾತ್ರ ಮೊಣಕೈವರೆಗೆ ಜುಮ್ಮೆಂದಿತು.

ಮಾರ್ಚ್ 4, ಮಂಗಳವಾರ

ಉಳಿ ಮಸೆದೆ. ಒಂದೇ ಸಲಕ್ಕೆ ಬಂತು!! ಎಷ್ಟು ಓರೆ ಹಿಡಿಯಬೇಕು, ಎಲ್ಲಿ ಒತ್ತಬೇಕು, ಎಲ್ಲ ಕೈಗೇ ಗೊತ್ತಿತ್ತು. ಮುಂಗೈಯ ಕೂದಲು ಬೋಳಿಸಿ ನೋಡಿದೆ, ರೇಜರೂ ಸೋಲಬೇಕು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಲ್ಲಿ ಚೌಕದ ತೂತು ಕೊರೆದೆ. ಮರದ ಕೊಡತಿಯ ಏಟು ಒಂದೂ ತಪ್ಪಲಿಲ್ಲ.

ಇವರು ತೂತಿನೊಳಗೆ ಬೆರಳು ಹಾಕಿ ನೋಡಿದರು. "ಅಪ್ಪ ಮಾಡ್ಕೊಟ್ಟಿದ್ದು ತಾನೆ?" ಕೋಪ ಬಂತು. ಖುಷಿಯೂ ಆಯಿತು.

ಮಾರ್ಚ್ 6, ಗುರುವಾರ. ಬೆಳಿಗ್ಗೆ

ಮಾವ ಉಳಿಯನ್ನು ತಲೆಕೆಳಗಾಗಿ ಮಸೆಯುತ್ತಿದ್ದರು. ಚಪ್ಪಟೆ ಬದಿ ಎತ್ತಿ ಹಿಡಿದು. "ಮಾವ, ಅದು ಹಾಗಲ್ಲ" ಅಂದೆ. ನಾನು! ಮಾವನಿಗೆ! "ಹೌದಲ್ವಾ" ಅಂತ ಅಲಗು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬೆಂಚಿನ ಮೇಲಿಟ್ಟು ಕೈ ಒರೆಸಿಕೊಂಡರು. ವಯಸ್ಸು.

ಇನ್ನೊಂದು. ಆ ಉಳಿಯ ಹಿಡಿ ಎರಡನೆಯದು. ಮೊದಲನೆಯದು, ಮಾವ ಕೆಲಸ ಕಲಿಯುವ ಕಾಲದಲ್ಲಿ, ಚಳಿಗಾಲದ ಒಂದು ಬೆಳಿಗ್ಗೆ ಎರಡು ಹೋಳಾಗಿತ್ತು, ಮೇಸ್ತ್ರಿ ಕಪಾಳಕ್ಕೆ ಕೊಟ್ಟಿದ್ದರು, ಎಡಗಿವಿ ಸಂಜೆವರೆಗೆ ಗುಂಯ್‌ಗುಟ್ಟಿತ್ತು. ಇದು ನನಗೆ ಗೊತ್ತಿದೆ. ಯಾರು ಹೇಳಿದ್ದು ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಮಾರ್ಚ್ 10, ಸೋಮವಾರ

ಗರಗಸ. ಬರೀ ಪಾಠ, ಕೊಯ್ಯಲು ಬಿಡಲಿಲ್ಲ. ಮಾವ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಹಲಗೆಗೆ ಅಡ್ಡ ಒಂದು ಗೆರೆ ಎಳೆದರು. ಆ ಮೋಟು ಪೆನ್ಸಿಲ್ ಇಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ. ಸ್ನಾನದ ಮನೆಗೂ ಹಾಗೇ ಹೋಗುತ್ತಾರೇನೋ.

"ಗೆರೆ ಈ ಕಡೆ ಇರೋದು ನಮ್ಮದು. ಆ ಕಡೆ ಇರೋದು ಕಸ. ಗರಗಸ ಕಸದ ಕಡೆ ಓಡಬೇಕು, ಗೆರೆ ಉಳೀಬೇಕು. ಗೆರೆ ತಿಂದೆಯೋ, ಮನೆಯವರನ್ನೇ ಹೊರಗೆ ಹಾಕಿದ ಹಾಗೆ."

ಆಮೇಲೆ ಗರಗಸ ಎತ್ತಿದರು. ನಾನು ಗೆರೆ ನೋಡುತ್ತಿದ್ದೆ. ಕೈ ಚಾಚಿದ್ದು ಗೊತ್ತೇ ಆಗಲಿಲ್ಲ. ಹಿಡಿ ಬಂದು ಅಂಗೈಯಲ್ಲಿ ಕೂತಿತು. ಬೆಚ್ಚಗಿತ್ತು.

ಮಾರ್ಚ್ 12, ಬುಧವಾರ. ಸಂಜೆ 5

ಕೂದಲೆಳೆಯಷ್ಟೂ ಸರಿಯದೆ ಕೊಯ್ಯುತ್ತೇನೆ. ಗೆರೆ ಉಳಿಯುತ್ತದೆ. ಎಂಟು ತುಂಡು, ಎಂಟೂ ಒಂದೇ ಸಮ.

ಮಾವ ಕಿಟಕಿಯ ಕದಕ್ಕೆ ಒಂದು ಪಟ್ಟಿ ಕೊಯ್ಯಲು ಹೋದರು. ಹಾವು ಹರಿದ ಹಾಗೆ ಹೋಯಿತು. ಅರ್ಧಕ್ಕೆ ನಿಲ್ಲಿಸಿ, "ಹಲ್ಲು ಮೊಂಡಾಗಿದೆ" ಅಂದರು. ಅದೇ ಗರಗಸ. ಅದೇ ಹಲ್ಲು.

ಸ್ಟೂಲಿಗೆ ಕೊಯ್ದ ಮೂರು ಕಾಲುಗಳ ಮೇಲೆ, ಒಳ್ಳೆಯ ಮುಖ ಯಾವುದು ಅಂತ ಗುರುತು ಹಾಕಿಟ್ಟಿದ್ದೆ. ಈಗ ನೋಡಿದರೆ ಅದು ಮಾವನ ಗುರುತು. ಬಾಲ ಸುತ್ತಿದ ಸೊನ್ನೆ, ಅದರ ಕೆಳಗೆ ಎರಡು ಗೀರು. ಈ ಮನೆಯ ಪ್ರತಿ ಬಾಗಿಲ ಹಿಂಬದಿಯಲ್ಲಿ ಇರುವಂಥದ್ದು. ಎಲ್ಲರಿಗೂ ಸೊನ್ನೆ ಹಾಕಲು ಬರುತ್ತದೆ, ನಿಜ. ಆದರೆ ಅವರು ಬಾಲವನ್ನು ಎಡಕ್ಕೆ ಸುತ್ತುತ್ತಾರೆ. ನಾನೂ ಎಡಕ್ಕೇ ಸುತ್ತಿದ್ದೇನೆ.

ಮಾರ್ಚ್ 15, ಶನಿವಾರ

ಡಾಕ್ಟರ ಹತ್ತಿರ ಹೋಗಿಬಂದೆವು. ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮರೆವಿನ ಕಾಯಿಲೆ. ವರ್ಷದಿಂದ ಶುರುವಾಗಿರಬೇಕಂತೆ, ಇನ್ನು ಮುಂದೆ ಇಳಿಮುಖವೇ ಅಂತೆ. ಮಾವ ಹೊರಗೆ ಬೆಂಚಿನಲ್ಲಿದ್ದರು. ಕೇಳಿಸಿರಲಾರದು.

ದಾರಿಯಲ್ಲಿ ಇವರು ಅತ್ತರು. ಸ್ಕೂಲಿನ ಕಾರು, ನಾನು ಪಕ್ಕದ ಸೀಟಿನಲ್ಲಿ, ನನ್ನ ಕಾಲ ಕೆಳಗೆ ಎರಡನೇ ಬ್ರೇಕು. ಹಿಂದಿನ ಸೀಟಿನಿಂದ ಮಾವ, "ಯಾಕೋ, ಸಿಗ್ನಲ್ ಜಂಪ್ ಮಾಡಿದ್ಯಾ?" ಅಂದರು. ಇಬ್ಬರೂ ಅಳುತ್ತಲೇ ನಕ್ಕೆವು.

ಹಾಗಾದರೆ ಕಾಯಿಲೆಯೇ. ಸಮಾಧಾನವಾಗಬೇಕಿತ್ತು.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 10

ಲ್ಯಾಬಿನವಳಲ್ಲವೇ ನಾನು. ಪರೀಕ್ಷೆ ಮಾಡಿದೆ.

ಅಂಚಿಗೆ ಸಮನಾಗಿ ಗೆರೆ ಗೀರುವ ಗೇಜು ಇದೆ, ಮೊಳೆಯ ಮೂತಿಯದು. ಮಾವ ಕೊಡಲು ಬಂದರು. ಕೈ ಹಿಂದಕ್ಕೆ ಕಟ್ಟಿಕೊಂಡೆ. "ಬೆಂಚಿನ ಮೇಲಿಡಿ, ಮಾವ." ಇಟ್ಟರು. ಎತ್ತಿಕೊಂಡು ಗೀರಿದೆ. ಅಂಕುಡೊಂಕು. ಮೊಳೆ ಮರದ ಎಳೆಯೊಳಗೆ ಸಿಕ್ಕಿ ಎತ್ತಲೋ ಓಡಿತು. ಆರು ಸಲ ಗೀರಿದೆ, ಆರೂ ಹಾಳು. "ಅಯ್ಯೋ ದುರ್ಬೀನು, ಕೋಳಿ ಕೆದರಿದ ಹಾಗಿದೆಯಲ್ಲೇ" ಅಂತ ಕಸಿದುಕೊಂಡು ತಾವೇ ಗೀರಿದರು. ಸರಾಗ. ನೇರ.

ಬೆಂಚಿನಿಂದ ಎತ್ತಿಕೊಂಡದ್ದು ನನಗೆ ಬರಲಿಲ್ಲ, ಅವರಿಂದ ಹೋಗಲೂ ಇಲ್ಲ. ಕೈಯಿಂದ ತೆಗೆದುಕೊಂಡ ಎರಡೂ ನನ್ನಲ್ಲಿವೆ, ಅವರಲ್ಲಿಲ್ಲ.

ಇದನ್ನು ಬರೆದು, ಓದಿ, ನಾನೇ ತಲೆ ಚಚ್ಚಿಕೊಂಡೆ. ಯಾರಿಗೆ ಹೇಳಲಿ? ಹೇಳಿದರೆ ಮುಂದಿನ ಸ್ಕ್ಯಾನು ನನ್ನದೇ.

ಮಾರ್ಚ್ 18, ಮಂಗಳವಾರ

ಅರದಣ್ಣ ಬಂದಿದ್ದರು. ಗರಗಸದ ಹಲ್ಲಿಗೆ ಅರ ಹಾಕಿ ಹರಿತ ಮಾಡುವವರು, ಮಾವನ ಜೊತೆ ನಲವತ್ತು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದವರು. ಚಹಾ ಕೊಡುತ್ತ, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ — ಸಾಮಾನು ಕೈಗೆ ಕೊಡಬಾರದು ಅಂತಾರಲ್ಲ, ಗಾಯ ಆಗತ್ತೆ ಅಂತಾನಾ?

"ಗಾಯಾನಾ?" ನಕ್ಕರು. "ಕೈಗೆ ಕೊಟ್ರೆ ಕೈಯೇ ಹೋಗತ್ತೆ ಅಂತಿದ್ರು ಹಳಬರು. ಕೊಟ್ಟವನ ಕೈ ಖಾಲಿ. ಸುಮ್ನೆ ಹೇಳ್ತಿದ್ರೋ ಏನೋ. ಯಾರೂ ಕೊಟ್ಟು ನೋಡಿದವರಿಲ್ಲ."

"ಮಾವ ಮರೆತು ಕೊಟ್ಟಿರಬಹುದಾ?"

ಲೋಟ ಕೆಳಗಿಟ್ಟರು. "ಅವನಾ? ನಲವತ್ತು ವರ್ಷದಲ್ಲಿ ನನಗೊಂದು ಮೊಳೆ ಕೈಗೆ ಕೊಟ್ಟವನಲ್ಲ ಕಣಮ್ಮಾ. ಒಂದ್ಸಲ ಏಣಿ ಮೇಲಿಂದ ಬೀಳ್ತಾ ಇದ್ದ. ಆಗಲೂ ಸುತ್ತಿಗೇನ ಮೊದಲು ಹಲಗೆ ಮೇಲಿಟ್ಟು ಆಮೇಲೆ ಬಿದ್ದ."

ಮಾರ್ಚ್ 19, ಬುಧವಾರ

ಇದನ್ನು ಬರೆಯಲೇಬೇಕು. ಯಾರೂ ಓದುವುದಿಲ್ಲವಲ್ಲ.

ಸ್ಟೂಲಿನ ಹಲಗೆ ಕೀಸಿ ನುಣುಪು ಮಾಡಬೇಕಿತ್ತು. ಕೀಸುಳಿ ನನ್ನ ಕೈಗೆ ಒಗ್ಗುತ್ತಿಲ್ಲ. ಎಳೆಗೆ ಎದುರಾಗಿ ಓಡಿ ಮರವನ್ನು ಕಿತ್ತು ಕಿತ್ತು ಹಾಕುತ್ತದೆ. ಎರಡು ದಿನ ಒದ್ದಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮರವನ್ನು ಬೈದೆ. ಉಳಿ ಬಂದ ಸುಖ, ಗರಗಸ ಬಂದ ಸುಖ ಗೊತ್ತಿತ್ತು. ಒಂದು ವಾರಕ್ಕೆ ಐವತ್ತೈದು ವರ್ಷ.

ಮಾವ ಕೀಸುಳಿ ಎತ್ತಿ ನನ್ನ ಕಡೆ ಹಿಡಿದರು. ಬೆಂಚಿನ ಮೇಲಿಡಿ ಅನ್ನಬೇಕಿತ್ತು. ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು. ಕಾಯಿಲೆ ಹೇಗೂ ಇದೆ, ಇದೊಂದು ಬಂದರೆ ಸಾಕು, ಸ್ಟೂಲು ಮುಗಿದರೆ ಶೆಡ್ಡಿಗೆ ಬೀಗ ಹಾಕುತ್ತೇನೆ... ಕಳ್ಳಬುದ್ಧಿಗೆ ಎಷ್ಟು ನೆಪ!

ಕೈ ಚಾಚಿದೆ. ಈ ಸಲ ಕಣ್ಣು ಬಿಟ್ಟುಕೊಂಡೇ.

ಮಾರ್ಚ್ 20, ಗುರುವಾರ

ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸುರುಳಿ ಬರುತ್ತಿದೆ, ಹಲಗೆಯ ಉದ್ದಕ್ಕೂ ಒಂದೇ ಎಳೆ. ಸಂತೋಷಕ್ಕೆ ಅಳು ಬಂತು. ನಾಚಿಕೆಗೆಟ್ಟವಳು ನಾನು.

ಮಾರ್ಚ್ 21, ಶುಕ್ರವಾರ. ರಾತ್ರಿ 9.30

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಇವರು ಕೆಲಸದಿಂದ ಬಂದು ಶೂ ಹಾಕಿಕೊಂಡೇ ಒಳಗೆ ಕಾಲಿಟ್ಟರು. ನಾನು ಅಡುಗೆ ಮನೆಯಿಂದ ಕೂಗಿದೆ, "ಏಯ್ ಗೂಬೆಮರಿ, ಕಾಲು ತೊಳ್ಕೊಂಡು ಬಾರೋ!"

ಇವರನ್ನು ಏಕವಚನದಲ್ಲಿ ಕರೆದವಳೇ ಅಲ್ಲ ನಾನು. ಬಂದು ನೋಡಿದರೆ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಾರೆ, ಮುಖದಲ್ಲಿ ರಕ್ತವಿಲ್ಲ. "ಆ ಹೆಸರು ನಿನಗ್ಯಾರು ಹೇಳಿದ್ದು?"

ಅತ್ತೆ ಹಾಗೆ ಕರೆಯುತ್ತಿದ್ದರಂತೆ. ಅತ್ತೆ ಹೋದಾಗ ಇವರಿಗೆ ಹನ್ನೊಂದು ವರ್ಷ. ಆಮೇಲೆ ಆ ಹೆಸರನ್ನು ಯಾರೂ ಎತ್ತಿಲ್ಲ. ನಾನು ಅತ್ತೆಯನ್ನು ನೋಡಿದ್ದು ಗೋಡೆಯ ಫೋಟೋದಲ್ಲಿ ಮಾತ್ರ.

ಆದರೆ ಈಗ ಗೊತ್ತು. ಮಾವ ಕೀಸುವಾಗ ಅತ್ತೆ ಶೆಡ್ಡಿನ ಬಾಗಿಲಲ್ಲಿ ಕೂತು ಸುರುಳಿಗಳನ್ನು ಮಡಿಲಿಗೆ ಆಯ್ದುಕೊಳ್ಳುತ್ತಿದ್ದರು, ಒಲೆ ಹೊತ್ತಿಸಲು. ಎಡಗಾಲು ಮಡಚಿ ಕೂರುತ್ತಿದ್ದರು. ನಗುವಾಗ ಬಾಯಿಗೆ ಕೈ ಅಡ್ಡ. ಕೀಸುಳಿ ತಳ್ಳಿದಾಗಲೆಲ್ಲ ಕಾಣುತ್ತಾರೆ.

ಊಟಕ್ಕೆ ಕೂತಾಗ ಮಾವ ಗೋಡೆ ನೋಡಿ ಕೇಳಿದರು, "ಆ ಫೋಟೋದಲ್ಲಿರೋ ಹೆಣ್ಣುಮಗಳು ಯಾರು? ಒಳ್ಳೆ ಮುಖ."

ಮಾರ್ಚ್ 22, ಶನಿವಾರ. ಮಧ್ಯಾಹ್ನ 3

ಹಿಂದಕ್ಕೆ ಕೊಡಲು ನೋಡಿದೆ. ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಕೀಸುಳಿಯನ್ನು ಅವರ ಎರಡೂ ಅಂಗೈಗಳಲ್ಲಿ ಇಟ್ಟು ಬೆರಳು ಮಡಚಿದೆ. ತಗೊಳ್ಳಿ ಮಾವ, ತಗೊಳ್ಳಿ, ಅತ್ತೆಯನ್ನು ತಗೊಳ್ಳಿ ಅಂತ ಕಿವಿಯಲ್ಲಿ ಹೇಳಿದೆ. ಎಚ್ಚರವಾಯಿತು. ಅದನ್ನು ಆಚೀಚೆ ತಿರುಗಿಸಿ ನೋಡಿದರು. "ಇದೇನಮ್ಮಾ ಇದು? ಇಸ್ತ್ರಿ ಪೆಟ್ಟಿಗೆನಾ?"

ಅತ್ತೆ ಇನ್ನೂ ನನ್ನಲ್ಲೇ ಇದ್ದಾರೆ. ಈಗ ತಾನೇ ನಕ್ಕರು.

ಮಾರ್ಚ್ 30, ಭಾನುವಾರ

ಎಂಟು ದಿನ ಬರೆಯಲಿಲ್ಲ. ಶೆಡ್ಡಿಗೆ ಬೀಗ. ಸ್ಟೂಲಿಗೆ ಮೂರು ಕಾಲು, ಗೋಡೆಗೆ ಒರಗಿಸಿಟ್ಟಿದ್ದೇನೆ. ಎರಡೂ ಕೈ ಸದಾ ಏಪ್ರನ್ ಜೇಬಿನಲ್ಲಿ. ಮಾವನ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ, ಲೋಟ, ತಟ್ಟೆ, ಪೇಪರು ಏನೂ. "ಟೇಬಲ್ ಮೇಲಿಡಿ, ಮಾವ." ಇವರಿಗೆ ಸಿಟ್ಟು. "ಅಪ್ಪನಿಗೇನು ಅಂಟುರೋಗ ಬಂದಿದೆಯಾ?" ಏನು ಹೇಳಲಿ?

ಇವತ್ತು ಬೆಳಿಗ್ಗೆ ಮಾವ ತಿಳಿಯಾಗಿದ್ದರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ನನ್ನ ಮುಂದೆ ಹಿಡಿದರು. ನಾನು ಗೋಡೆಯವರೆಗೆ ಹಿಂದೆ ಸರಿದೆ.

"ಇದೊಂದೇ ಉಳಿದಿರೋದು ದುರ್ಬೀನು. ತಗೋ."

"ಗೊತ್ತಿದ್ದೂ ಕೊಟ್ರಾ ಮಾವ? ಮೊದಲನೇ ದಿನದಿಂದ?"

"ಡಾಕ್ಟ್ರು ಹೇಳೋಕೆ ಮುಂಚೇನೇ ನನಗೆ ಗೊತ್ತಾಗಿತ್ತು ಬಿಡು. ಬಿರುಕು ಬಿಟ್ಟ ಗಡಿಗೆ ನಾನು. ಸೋರೋದಂತೂ ಸೋರತ್ತೆ. ನೆಲಕ್ಯಾಕೆ ಸೋರಬೇಕು? ಆವತ್ತು ನೀನು ಅಂಗೈ ಚಾಚಿ ನಿಂತೆ ನೋಡು... ಪಾತ್ರೆ ತಾನಾಗೇ ಬಂತು ಅನ್ನಿಸ್ತು."

"ನನಗೆ ನಿಮ್ಮ ಕೆಲಸ ಬೇಡ ಮಾವ. ನೀವು ಬೇಕು." ಜೋರಾಗಿ ಅತ್ತುಬಿಟ್ಟೆ. ನನ್ನ ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಅವರು ಕುರ್ಚಿಯನ್ನು ನನ್ನ ಕಡೆ ತಳ್ಳಿದರು. ಆಮೇಲೆ, "ಆವತ್ತು ಗೇಜು ತಗೊಳ್ಳಲಿಲ್ಲ ನೀನು. ಈಗ ಅದರಲ್ಲಿ ಹೇಗೆ ಗೀರೋದು ಹೇಳು ನೋಡೋಣ."

"ನನಗೆ ಬರಲ್ಲ."

"ನನಗೂ ಬರಲ್ಲ. ಮೊನ್ನೆಯಿಂದ. ಎಲ್ಲಿಗೆ ಹೋಯ್ತು ಹೇಳು?"

ಪೆನ್ಸಿಲಲ್ಲಿ ಏನಿದೆ ಅಂತ ಕೇಳಿದೆ. "ಗೆರೆ" ಅಂದರು. "ಯಾವುದು ನಮ್ಮದು, ಯಾವುದು ಅಲ್ಲ. ಅಷ್ಟೇ." ಅದನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡರು.

ತೆಗೆದುಕೊಳ್ಳುವುದಿಲ್ಲ. ಅತ್ತೆಯನ್ನು ಕಿತ್ತುಕೊಂಡದ್ದು ಸಾಲದೇ? ಅವರು ನನ್ನನ್ನು ದುರ್ಬೀನು ಅಂತ ಕರೆಯುವವರೆಗೆ ಕರೆಯಲಿ.

ಏಪ್ರಿಲ್ 5, ಶನಿವಾರ

ದಿನಕ್ಕೆ ನಾಲ್ಕೈದು ಸಲ ಪೆನ್ಸಿಲ್ ಚಾಚುತ್ತಾರೆ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ನನ್ನ ಗಮನ ಬೇರೆ ಕಡೆ ಇರುವಾಗಲೇ. ಒದ್ದೆ ಕೈಯನ್ನೂ ಜೇಬಿಗೆ ತುರುಕುತ್ತೇನೆ. ಮಾತಿಲ್ಲದ ಆಟ. ಒಮ್ಮೊಮ್ಮೆ ಇಬ್ಬರಿಗೂ ನಗು ಬರುತ್ತದೆ.

ಎಡಗೈಯಲ್ಲಿ ಊಟ ಮಾಡುತ್ತಿದ್ದೀಯ ಅಂತ ಇವರು ಹೇಳಿದ ಮೇಲೆ ಗೊತ್ತಾಯಿತು. ಬಲಗೈ ಆಗಲೂ ಜೇಬಿನಲ್ಲಿತ್ತು.

ಏಪ್ರಿಲ್ 9, ಬುಧವಾರ

ಮಗನನ್ನು ಮೇಸ್ತ್ರಿ ಅಂದರು. ಬೀದಿಯ ಹೆಸರು ಹೋಯಿತು. ಶೆಡ್ಡಿನ ಬಾಗಿಲು ಯಾವುದಕ್ಕೆ ಅಂತ ಕೇಳಿದರು.

ನನ್ನ ಹೆಸರು ಮಾತ್ರ ತಪ್ಪಲಿಲ್ಲ. "ದುರ್ಬೀನು, ಚಹಾ." ಸಾಕು ನನಗೆ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 10.40

ಒಳ್ಳೆಯ ದಿನ. ಬಿಸಿಲು ಕಿಟಕಿಯಿಂದ ನೇರವಾಗಿ ಟೇಬಲ್ ಮೇಲೆ ಬೀಳುತ್ತಿದೆ. ಇವರು ಪಾಠಕ್ಕೆ ಹೋಗಿದ್ದಾರೆ, ಯಾರೋ ಅಜ್ಜಿ ಕಾರು ಕಲಿಯುತ್ತಿದ್ದಾರಂತೆ, ಬಗ್ಗದ ಮರ ನಾನೊಬ್ಬಳೇ ಅಲ್ಲ. ಮಾವ ನನ್ನ ಬಲಗಡೆ ಕುರ್ಚಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಎದ್ದವರೇ "ಏನೇ ದುರ್ಬೀನು, ಸ್ಟೂಲು ಮೂರು ಕಾಲಲ್ಲೇ ಓಡಿ ಹೋಗತ್ತೆ ನೋಡ್ಕೋ" ಅಂದರು. ಸ್ಟೂಲು ನೆನಪಿದೆ! ನಾನು ನೆನಪಿದ್ದೇನೆ! ಹದಿನೈದು ದಿನ ತಡೆದು ನಿಲ್ಲಿಸಿದೆನಲ್ಲ. ಇನ್ನೊಂದು ವರ್ಷವೂ ನಿಲ್ಲಿಸುತ್ತೇನೆ, ಬೇಕಾದರೆ ಕೈ ಕಟ್ಟಿ ಹಾಕಿಕೊಂಡು.

ಪೆನ್ನು ಸರಿಯಾಗಿ ಮೂಡುತ್ತಿಲ್ಲ. ಲ್ಯಾಬಿನಿಂದ ತಂದ ಕೊನೆಯ ಪೆನ್ನು. ಕೊಡವಿದರೆ ಎರಡಕ್ಷರ, ಮತ್ತೆ ಖಾಲಿ... ಗೀಚಿ ನೋಡಿದೆ... ಹಾಂ, ಈಗ ಸರಿಹೋಯಿತು. ಬರೆಯುವುದೇ ಹಗುರವಾಯಿತು. ನಾಲ್ಕನೇ ಕಾಲಿಗೆ ಗುರುತು ಹಾಕಬೇಕು. ಅಳತೆಪಟ್ಟಿ ಬೇಡ, ಗೆರೆ ಎಲ್ಲಿ ಬೀಳಬೇಕು ಅಂತ ಇಲ್ಲಿಂದಲೇ ಕಾಣುತ್ತಿದೆ. ಈ ಕಡೆ ಇರುವುದು ನಮ್ಮದು, ಆ ಕಡೆ ಇರುವುದು ಅಲ್ಲ, ಎಷ್ಟು ಸುಲಭ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ —

ಅಕ್ಷರ ನೀಲಿ ಇಲ್ಲ. ಪೆನ್ಸಿಲ್ಲಿನ ಬೂದು ಬಣ್ಣ.

ಕೈ ಚಾಚಿದ್ದೆ. ಹಾಳೆ ನೋಡುತ್ತ, ಪಕ್ಕಕ್ಕೆ, ಅಂಗೈ ಮೇಲೆ ಮಾಡಿ —

ಮಾವ ಎದ್ದು ನಿಂತಿದ್ದಾರೆ. ಚಪ್ಪಲಿ ಹುಡುಕುತ್ತಿದ್ದಾರೆ. ಅಂಗಿಯ ಗುಂಡಿ ಹಾಕಿಕೊಂಡು, ಗುರುತಿಲ್ಲದವರ ಮನೆಗೆ ಬಂದ ಹಾಗೆ ಸಂಕೋಚದಿಂದ ಕೈ ಮುಗಿದರು. "ಬಿಸಿಲಿಗೆ ಕೂರಿಸ್ಕೊಂಡ್ರಿ, ಉಪಕಾರ ಆಯ್ತಮ್ಮಾ. ನಾನಿನ್ನು ಹೊರಡ್ತೀನಿ. ನಿಮಗೆ ತೊಂದ್ರೆ ಇಲ್ಲದಿದ್ರೆ ನಮ್ಮ ಮನೆ ದಾರಿ ಸ್ವಲ್ಪ ತೋರಿಸ್ತೀರಾ? ನನ್ನ ಸೊಸೆ ಕಾಯ್ತಿರ್ತಾಳೆ, ದುರ್ಬೀನು ಅಂತ —"